ಸಂವಿಧಾನದ 12 ಅನುಸೂಚಿ ತಲೆಯಲ್ಲಿ ನಿಲ್ಲುತ್ತಿಲ್ಲ, ಚಿತ್ರ ಕಟ್ಟಿಕೊಂಡು ಓದಿದವರು ಯಾರಾದರೂ ಇದ್ದೀರಾ?

ಮಂಡಕ್ಕಿಮಿರ್ಚಿ (ದಾವಣಗೆರೆ):
ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಪರೀಕ್ಷೆಗೆ ಓದುತ್ತಿದ್ದೇನೆ. ಬೆಳಿಗ್ಗೆ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ, ಮಧ್ಯಾಹ್ನದ ಮೇಲೆ ಲೈಬ್ರರಿ. ಅರ್ಥ ಮಾಡಿಕೊಂಡು ಓದುವುದಾದರೆ ತೊಂದರೆ ಇಲ್ಲ, ಪಟ್ಟಿ ಬಂತು ಅಂದರೆ ಕೈಕಾಲು ಬಿಡುತ್ತದೆ. ಅನುಸೂಚಿಗಳನ್ನು, ಅಂದರೆ ಸಂವಿಧಾನದ ಕೊನೆಗೆ ಸೇರಿಸಿರುವ ಪಟ್ಟಿಗಳನ್ನು, ಒಂದು ವಾರದಿಂದ ಉರು ಹೊಡೆದೆ. ಸಾಲಾಗಿ ಕೇಳಿದರೆ ಹೇಳುತ್ತೇನೆ, ಸುಮ್ನೆ "ಆರನೆಯದು ಯಾವುದು" ಅಂದರೆ ಒಂದರಿಂದ ಎಣಿಸಿಕೊಂಡು ಬರಬೇಕು, ಬರುವಷ್ಟರಲ್ಲಿ ಐದು ಆರು ಅದಲು ಬದಲಾಗಿರುತ್ತವೆ. ಕೋಚಿಂಗ್‌ನಲ್ಲಿ ಇಂಗ್ಲಿಷ್ ಮೊದಲಕ್ಷರ ಸೇರಿಸಿ ಏನೋ ಒಂದು ಹೇಳಿಕೊಟ್ಟರು. ಈಗ ಅದೇ ಮರೆತುಹೋಗಿದೆ! ಚಿತ್ರ ಕಲ್ಪಿಸಿಕೊಂಡರೆ ನೆನಪಿರುತ್ತದೆ ಅನ್ನುತ್ತಾರೆ, ನಿಜವಾ?

ಕಲ್ಲಿನಕೋಟೆ (ಚಿತ್ರದುರ್ಗ):
ನಿಜ. ಆದರೆ ಇಂಗ್ಲಿಷ್ ಬಿಡಿ, ನಮ್ಮ ಅಂಕಿಗಳ ಮೊದಲ ಸದ್ದನ್ನೇ ಹಿಡಿಯಿರಿ. ಒಂದು ಒಂಟೆ, ಎರಡು ಎಮ್ಮೆ, ಮೂರು ಮೂಗು, ನಾಲ್ಕು ನಾಯಿ, ಐದು ಐಸ್, ಆರು ಆನೆ, ಏಳು ಏಣಿ, ಎಂಟು ಎಲೆ, ಒಂಬತ್ತು ಒಲೆ, ಹತ್ತು ಹತ್ತಿ, ಹನ್ನೊಂದು ಹಳ್ಳಿ. ಇವು ಗೂಟ ಇದ್ದ ಹಾಗೆ, ಒಂದೊಂದಕ್ಕೆ ಒಂದೊಂದು ಅನುಸೂಚಿ ಕಟ್ಟಿ.

ಒಂಟೆಯ ಬೆನ್ನ ಮೇಲೆ ಭಾರತದ ನಕ್ಷೆ: ರಾಜ್ಯಗಳು. ಎಮ್ಮೆ ಕರೆದರೆ ಹಾಲಿನ ಬದಲು ನೋಟು ಬರುತ್ತದೆ: ಸಂಬಳ. ಮಂತ್ರಿ ಮೂಗು ಹಿಡಿದುಕೊಂಡು ಪ್ರಮಾಣವಚನ ತಗೊಳ್ಳುತ್ತಾನೆ. ರಾಜ್ಯಸಭೆಯ ಸೀಟಿನಲ್ಲಿ ನಾಯಿ ಮಲಗಿದೆ. ಐಸ್ ಕ್ಯಾಂಡಿ ಗಾಡಿ ಗಂಟೆ ಬಾರಿಸುತ್ತಾ ಕಾಡಿನ ಹಾಡಿಗೆ ಹೋಗುತ್ತದೆ: ಪರಿಶಿಷ್ಟ ಪ್ರದೇಶ. ಆರನೆಯದು ನನಗೆ ತುಂಬಾ ಇಷ್ಟ. ಆನೆಗೆ ನಾಲ್ಕು ಕಾಲು, ಬುಡಕಟ್ಟು ಪ್ರದೇಶದ ರಾಜ್ಯಗಳೂ ನಾಲ್ಕೇ: ಅಸ್ಸಾಂ, ಮೇಘಾಲಯ, ತ್ರಿಪುರಾ, ಮಿಜೋರಾಂ. ಏಣಿಗೆ ಮೂರೇ ಮೆಟ್ಟಿಲು, ಮೇಲೆ ಕೇಂದ್ರಪಟ್ಟಿ, ಕೆಳಗೆ ರಾಜ್ಯಪಟ್ಟಿ, ನಡುವೆ ಇಬ್ಬರೂ ಕಾಲಿಟ್ಟು ಜಗಳ ಆಡುವ ಸಮವರ್ತಿ ಪಟ್ಟಿ: ಕಾನೂನು ಮಾಡುವ ಅಧಿಕಾರದ ಹಂಚಿಕೆ. ಬಾಳೆಲೆಯ ಮೇಲೆ 22 ಪಲ್ಯ, ಅಂದರೆ 22 ಭಾಷೆ. ಒಲೆಯೊಳಗೆ ಭೂಸುಧಾರಣೆ ಕಾನೂನು ಬಚ್ಚಿಟ್ಟಿದ್ದಾರೆ, ಕೋರ್ಟು ಕೈ ಹಾಕಿದರೆ ಸುಡುತ್ತದೆ. ಹತ್ತಿ ನಿಮ್ಮೂರಿನದೇ, ಹಿಂಜಿದ ಹತ್ತಿ ಗಾಳಿ ಬಂದ ಕಡೆ ಈ ಪಕ್ಷದ ಆಫೀಸಿನಿಂದ ಆ ಪಕ್ಷದ ಆಫೀಸಿಗೆ ಹಾರುತ್ತದೆ: ಪಕ್ಷಾಂತರ. ಹನ್ನೊಂದು ಹಳ್ಳಿ, ಪಂಚಾಯಿತಿ. ಉಳಿದದ್ದು ನಗರಸಭೆ, ಅದಕ್ಕೆ ಗೂಟ ಬೇಕಿಲ್ಲ.

ಚಿತ್ರ ವಿಚಿತ್ರವಾಗಿರಲಿ, ಎರಡೂ ಒಂದಕ್ಕೊಂದು ತಾಗಿರಲಿ. ಆನೆ ಪಕ್ಕದಲ್ಲಿ ಅಸ್ಸಾಂ ಅಂತ ಬೋರ್ಡ್ ನಿಲ್ಲಿಸಿದರೆ ಮರೆತುಹೋಗುತ್ತದೆ.

ನಿವೃತ್ತ_ಮೇಷ್ಟ್ರು (ಹಿರಿಯೂರು):
ಚೆನ್ನಾಗಿದೆ ತಮ್ಮಾ, ಒಲೆಯ ವಿಷಯದಲ್ಲಿ ಮಾತ್ರ ಹುಷಾರು. ಒಂಬತ್ತನೇ ಅನುಸೂಚಿ 1951ರಲ್ಲಿ ಬಂದಾಗ ಹಾಗಿತ್ತು. 1973ರ ಏಪ್ರಿಲ್ 24ರ ನಂತರ ಅದರೊಳಗೆ ಸೇರಿದ ಕಾನೂನನ್ನು ಕೋರ್ಟು ಪರಿಶೀಲಿಸಬಹುದು ಅಂತ ಸುಪ್ರೀಂ ಕೋರ್ಟ್ 2007ರಲ್ಲಿ ಹೇಳಿದೆ. ಪರೀಕ್ಷೆಯಲ್ಲಿ ಕೇಳುವುದೇ ಇಂಥದ್ದನ್ನು. ಚಿತ್ರದಿಂದ ನಂಬರ್ ಸಿಗುತ್ತದೆ, ವಿಷಯ ಓದಲೇಬೇಕು.

ಇನ್ನೊಂದು, 11ನೆಯದರಲ್ಲಿ ಪಂಚಾಯಿತಿಗೆ ವಹಿಸಬಹುದಾದ 29 ವಿಷಯಗಳಿವೆ, ಪಿಡಿಒಗೆ ಅದೇ ಮುಖ್ಯ ಅಲ್ವಾ? ಅಷ್ಟಕ್ಕೆ ಗೂಟ ಸಾಲದು, ದಾರಿ ಬೇಕು, ಅಂದರೆ ಗೊತ್ತಿರುವ ದಾರಿಯ ಜಾಗಗಳಲ್ಲಿ ಸಾಲಾಗಿ ಒಂದೊಂದು ಚಿತ್ರ ಇಡಬೇಕು. ಇದು ಹಳೇ ವಿದ್ಯೆ. ಊಟದ ಮನೆಯ ಸೂರು ಕುಸಿದಾಗ, ಯಾರು ಎಲ್ಲಿ ಕೂತಿದ್ದರು ಅನ್ನುವ ನೆನಪಿನ ಮೇಲೆ ಗ್ರೀಕ್ ಕವಿ ಸಿಮೊನೈಡಿಸ್ ಹೆಣಗಳ ಗುರುತು ಹೇಳಿದ ಅನ್ನುವ ಕಥೆಯನ್ನು ರೋಮಿನ ಸಿಸೆರೊ ಎರಡು ಸಾವಿರ ವರ್ಷದ ಹಿಂದೆಯೇ ಬರೆದಿದ್ದಾನೆ. ನಾನು ಮಕ್ಕಳಿಗೆ ದುರ್ಗದ ಕೋಟೆ ಹತ್ತಿಸುತ್ತಿದ್ದೆ, ಮನಸ್ಸಿನಲ್ಲೇ. ಹೆಬ್ಬಾಗಿಲಲ್ಲಿ ನೇಗಿಲು ಸಿಕ್ಕಿಹಾಕಿಕೊಂಡಿದೆ, ಕೃಷಿ. ಮದ್ದು ಬೀಸುವ ಕಲ್ಲಿನಲ್ಲಿ ಮಣ್ಣು ಬೀಸುತ್ತಿದ್ದಾರೆ, ಭೂ ಅಭಿವೃದ್ಧಿ. ಏಕನಾಥೇಶ್ವರಿ ಗುಡಿಯ ಮೆಟ್ಟಿಲ ಮೇಲೆ ಕಾಲುವೆ ನೀರು ಹರಿಯುತ್ತಿದೆ, ಸಣ್ಣ ನೀರಾವರಿ. ಉಯ್ಯಾಲೆ ಕಂಬದಲ್ಲಿ ಹಸು ಜೀಕುತ್ತಿದೆ, ಪಶುಸಂಗೋಪನೆ. ಗೋಪಾಲಸ್ವಾಮಿ ಹೊಂಡದಲ್ಲಿ ಮೀನು, ಅದಂತೂ ತಾನಾಗಿಯೇ ಬರುತ್ತದೆ. ನೀವು ದಾವಣಗೆರೆಯವರು, ನಿಮ್ಮ ಮನೆಯಿಂದ ಲೈಬ್ರರಿ ದಾರಿ ಹಿಡಿಯಿರಿ. ಮಾರನೇ ದಿನ ಒಂದು ಸಲ, ವಾರ ಬಿಟ್ಟು ಒಂದು ಸಲ ಅದೇ ದಾರಿಯಲ್ಲಿ ನಡೆಯದಿದ್ದರೆ ಹುಲ್ಲು ಬೆಳೆಯುತ್ತದೆ.

ಮಂಡಕ್ಕಿಮಿರ್ಚಿ (ದಾವಣಗೆರೆ):
ನಾಲ್ಕು ದಿನ ಆಯ್ತು. ಆರು ಕೇಳಿದರೆ ಆನೆ ಎದ್ದು ಬರುತ್ತದೆ, ಥ್ಯಾಂಕ್ಸ್ ಅಣ್ಣ. ಮೇಷ್ಟ್ರೇ, ನೀವು ಹೇಳಿದ ಹಾಗೆ 29ರಲ್ಲಿ ಎಂಟು ವಿಷಯ ನಮ್ಮ ಬೀದಿಯಲ್ಲೇ ಇಟ್ಟಿದ್ದೇನೆ, ಎದುರು ಮನೆ ಅಜ್ಜಿಯ ತಲೆ ಮೇಲೆ ಕೋಳಿ ಕೂರಿಸಿದ್ದಕ್ಕೆ ಈಗ ಅವರನ್ನು ನೋಡಿದರೆ ನಗು ತಡೆಯಲು ಆಗುತ್ತಿಲ್ಲ. ಒಂದೇ ಫಜೀತಿ, ಎರಡಕ್ಕೂ ಎಂಟಕ್ಕೂ ಒಂದೇ ಸದ್ದು. ನಿನ್ನೆ ಎಮ್ಮೆ ಬಂದು ಬಾಳೆಲೆ ತಿಂದುಬಿಟ್ಟಿತು, ಎಂಟನೆಯದು ಸಂಬಳ ಅಂತ ಬರೆದು ಬಂದೆ.

ಕಲ್ಲಿನಕೋಟೆ (ಚಿತ್ರದುರ್ಗ):
ಹಹ್ಹಾ. ಎಮ್ಮೆಯನ್ನು ರಾಜಭವನದ ಗೇಟಿಗೆ ಕಟ್ಟಿಹಾಕಿ ತಂಗಿ. ರಾಜ್ಯಪಾಲರ ಸಂಬಳ ಇರುವುದೂ ಎರಡನೆಯದರಲ್ಲೇ.