2⁶⁷ - 1 ಸಮಸಂಖ್ಯೆ ಅನ್ನುತ್ತಿದೆ ನನ್ನ ಪ್ರೋಗ್ರಾಂ, ತಪ್ಪೆಲ್ಲಿ?

ಲೆಕ್ಕದಹುಳು:
ಅಪವರ್ತನ ಹುಡುಕಲು ಜಾವಾಸ್ಕ್ರಿಪ್ಟ್‌ನಲ್ಲಿ ಪುಟ್ಟ ಪ್ರೋಗ್ರಾಂ ಬರೆದಿದ್ದೇನೆ. ಚಿಕ್ಕ ಸಂಖ್ಯೆಗಳಿಗೆ ಸರಿಯಾಗಿ ಓಡುತ್ತದೆ. 2⁶⁷ - 1 ಕೊಟ್ಟರೆ ಮಾತ್ರ ಮೊದಲ ಅಪವರ್ತನ 2 ಅನ್ನುತ್ತದೆ! ಎರಡರ ಘಾತದಲ್ಲಿ ಒಂದು ಕಳೆದರೆ ಬೆಸ ಬರಬೇಕು, ಅಲ್ವಾ? ಪರದೆಯಲ್ಲಿ ಕಾಣುವುದು 147573952589676410000. ಕೊನೆಯ ಸೊನ್ನೆಗಳನ್ನು ನೋಡಿಯೇ ಅನುಮಾನ ಬಂತು. ಬಿಗ್‌ಇಂಟ್ (ದೊಡ್ಡ ಪೂರ್ಣಾಂಕಗಳನ್ನು ಒಂದಂಕೆಯೂ ಕೆಡದಂತೆ ಹಿಡಿಯುವ ಬಗೆ) ಬಳಸಬೇಕು ಎಂದು ಓದಿ ಬಿಗ್‌ಇಂಟ್(2⁶⁷ - 1) ಎಂದೂ ಬರೆದು ನೋಡಿದೆ. ಈಗ ಕೊನೆಗೆ 412928 ಬರುತ್ತಿದೆ. ಇದೂ ಸಮವೇ.

ಶೇಷಸೊನ್ನೆ:
ಬಿಗ್‌ಇಂಟ್ ಕೈಗೆ ಸಿಗುವ ಮೊದಲೇ ಸಂಖ್ಯೆ ಕೆಟ್ಟಿದೆ. ಆವರಣದ ಒಳಗಿನ ಲೆಕ್ಕ ಮಾಮೂಲಿ ಸಂಖ್ಯೆಗಳಲ್ಲೇ ನಡೆಯುತ್ತದೆ. ಅವಕ್ಕೆ 53 ಬಿಟ್‌ಗಳಷ್ಟೇ ನಿಖರತೆ. 2ರ 67ನೇ ಘಾತದಿಂದ ಕೆಳಗಿಳಿದರೆ ಅದರಲ್ಲಿ ಬರೆಯಲು ಸಾಧ್ಯವಿರುವ ಮೊದಲ ಸಂಖ್ಯೆ 16384ರಷ್ಟು ದೂರದಲ್ಲಿದೆ. ಅಲ್ಲಿ ನಿಮ್ಮ 1 ಯಾವ ಲೆಕ್ಕ? ಕಳೆದರೂ ಕಳೆಯದಂತೆಯೇ. 2, 67, 1 ಮೂರರ ಕೊನೆಗೂ ‘ಎನ್’ (n) ಅಕ್ಷರ ಹಚ್ಚಿ. ಒಂದಕ್ಕೆ ಬಿಟ್ಟರೂ ಎರರ್ ಬರುತ್ತದೆ.

ಲೆಕ್ಕದಹುಳು:
ಬಂತು! 147573952589676412927. ಆದರೆ ಈಗ ಲೂಪ್ ಮುಗಿಯುತ್ತಲೇ ಇಲ್ಲ, ಟ್ಯಾಬ್ ಅಲ್ಲಾಡುತ್ತಿಲ್ಲ. ಇದು ಅವಿಭಾಜ್ಯವೇ ಇರಬಹುದಾ?

ಶೇಷಸೊನ್ನೆ:
ಅಲ್ಲ. ಹಾಗಂದುಕೊಂಡವರಲ್ಲಿ ನೀವು ಮೊದಲಿಗರೂ ಅಲ್ಲ :) 1644ರಲ್ಲಿ ಫ್ರಾನ್ಸಿನ ಸನ್ಯಾಸಿ, ಗಣಿತಜ್ಞ ಮರ್ಸೆನ್ ಇದನ್ನು ತನ್ನ ಅವಿಭಾಜ್ಯಗಳ ಪಟ್ಟಿಗೆ ಸೇರಿಸಿಬಿಟ್ಟಿದ್ದ. ಅಲ್ಲ ಎಂದು 1876ರಲ್ಲಿ ಗಣಿತಜ್ಞ ಲೂಕಾ ತೋರಿಸಿದ, ಆದರೆ ಒಂದು ಅಪವರ್ತನವೂ ಅವನ ಕೈಯಲ್ಲಿರಲಿಲ್ಲ. 1903ರಲ್ಲಿ ಅಮೆರಿಕದ ಗಣಿತಜ್ಞ ಕೋಲ್ ಎರಡು ಅಪವರ್ತನಗಳನ್ನೂ ಕೊಟ್ಟ. ಅವು ಎಷ್ಟೆಂದು ಹೇಳಲ್ಲ, ನಿಮ್ಮ ಪ್ರೋಗ್ರಾಂ ಹೇಳಲಿ.

ಘಾತಪ್ರಿಯ:
ನಡುವೆ ಬಾಯಿ ಹಾಕುತ್ತೇನೆ. ನೀವು 2, 3, 4 ಎಂದು ಎಲ್ಲದರಿಂದಲೂ ಭಾಗಿಸುತ್ತಿದ್ದೀರಿ ಅನಿಸುತ್ತದೆ. ಸುಮ್ನೆ ದಂಡ. 67 ಅವಿಭಾಜ್ಯವಾದ್ದರಿಂದ ಈ ಸಂಖ್ಯೆಯ ಯಾವ ಅಪವರ್ತನವನ್ನೇ ಆಗಲಿ 134ರಿಂದ ಭಾಗಿಸಿದರೆ ಶೇಷ 1 ಬರಲೇಬೇಕು. ಹಾಗಾಗಿ 135ರಿಂದ ಶುರು ಮಾಡಿ, 134ರ ಹೆಜ್ಜೆ ಹಾಕಿ. ಇನ್ನೊಂದು ಜರಡಿಯೂ ಇದೆ: 8ರಿಂದ ಭಾಗಿಸಿದಾಗ ಶೇಷ 1 ಅಥವಾ 7 ಬಾರದಿದ್ದರೆ ಅದನ್ನು ಬಿಟ್ಟು ಮುಂದೆ ಹೋಗಿ. ಅಲ್ಲಿಗೆ ಉಳಿದದ್ದರಲ್ಲೂ ಅರ್ಧ ಕಡಿಮೆ.

ಲೆಕ್ಕದಹುಳು:
ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು! 193707721. ಇನ್ನೊಂದು 761838257287. ಮೊದಲು ಸುಮಾರು 19 ಕೋಟಿ ಸಲ ಭಾಗಿಸಬೇಕಿತ್ತು, ಈಗ ಏಳು ಲಕ್ಷಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಒಂದೇ ಅನುಮಾನ. ಎರಡನ್ನೂ ಕ್ಯಾಲ್ಕ್ಯುಲೇಟರ್‌ನಲ್ಲಿ ಗುಣಿಸಿದರೆ ಕೊನೆಯ ಅಂಕೆಗಳು ತಾಳೆಯಾಗುತ್ತಿಲ್ಲ.

ಶೇಷಸೊನ್ನೆ:
ಅದರಲ್ಲೂ 21 ಅಂಕೆ ಹಿಡಿಸುವುದಿಲ್ಲ, ಅದೇ ಹಳೇ ರೋಗ. ಬಿಗ್‌ಇಂಟ್‌ನಲ್ಲೇ ಗುಣಿಸಿ. ಕೈಯಲ್ಲಿ ನೋಡಬೇಕೆಂದರೆ ಬಿಡಿ ಸ್ಥಾನ ಸಾಕು: 1 ಗುಣಿಸು 7, ಕೊನೆಗೆ 7. ಅಲ್ಲಿಗೆ ಬೆಸವೂ ಆಯಿತು.