ಹೆಸರಿಲ್ಲದ ಲಿನಕ್ಸ್ ಗೈಡ್‌ಗಳನ್ನು ಹಂಚಬೇಕಾ?

ಸೇಡಂ_ಹುಡುಗ
ಕಲಬುರಗಿಯ ಕಾಲೇಜು ಗುಂಪುಗಳಲ್ಲಿ ಒಂದು ಪಿಡಿಎಫ್ ಓಡಾಡುತ್ತಿದೆ. ಉಬುಂಟು ಅನ್ನೋ ಲಿನಕ್ಸ್‌ನಲ್ಲಿ ಪ್ರೋಗ್ರಾಮಿಂಗ್ ಭಾಷೆ ಪೈಥಾನ್‌ನ ಹೊಸ ಆವೃತ್ತಿ ಹಾಕೋದು ಹೇಗೆ ಅಂತ, ಕನ್ನಡದಲ್ಲೇ ಇದೆ. ಬರೆದವರ ಹೆಸರಿಲ್ಲ, ತಾರೀಖಿಲ್ಲ, ಯಾವ ಆವೃತ್ತಿಗೆ ಅಂತಲೂ ಇಲ್ಲ. ಸಿಸ್ಟಮ್‌ನ ಪೈಥಾನ್3 ಅನ್ನೇ ಹೊಸದಕ್ಕೆ ತಿರುಗಿಸಿ, ಹಳೆಯದನ್ನು ತೆಗೆದುಬಿಡಿ ಅಂತಾರೆ. ನಮ್ಮ ಹಾಸ್ಟೆಲ್‌ನಲ್ಲಿ ಒಬ್ಬನಿಗೆ ಕಮಾಂಡ್ ಬರೆಯೋ ಟರ್ಮಿನಲ್ ತೆರೆಯುತ್ತಿಲ್ಲ, ಇನ್ನೊಬ್ಬನಿಗೆ ಡೆಸ್ಕ್‌ಟಾಪೇ ಬರುತ್ತಿಲ್ಲ. ಇಂಥವನ್ನು ಹಂಚೋದು ನಿಲ್ಲಬೇಕು.

ಸುರಪುರದವಳು
ನಿಲ್ಲಿಸಿ ಅನ್ನೋದು ಸುಲಭ. ಅಧಿಕೃತ ಕೈಪಿಡಿ ಇಂಗ್ಲಿಷ್‌ನಲ್ಲಿದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗಿ ಅದನ್ನು ಬಿಡಿಸಿಕೊಳ್ಳೋಷ್ಟರಲ್ಲಿ ವಿಂಡೋಸ್‌ಗೆ ವಾಪಸ್ ಹೋಗಿರುತ್ತಾಳೆ. ನನ್ನ ಗೆಳತಿಯರು ಐಬಸ್ ಹಾಕಿ ಕನ್ನಡ ಟೈಪ್ ಮಾಡೋದು ಕಲಿತದ್ದೇ ಯಾರೋ ಬರೆದಿಟ್ಟ ಇಂಥ ಪುಟಗಳಿಂದ.

ಭಾಲ್ಕಿ_ಮೇಷ್ಟ್ರು
ವಾದ ಆಮೇಲೆ. ಉಬುಂಟುವಿನಲ್ಲಿ ಗ್ನೋಮ್ ಟರ್ಮಿನಲ್ ಶುರುವಾಗೋದೇ ಒಂದು ಪೈಥಾನ್ ಸ್ಕ್ರಿಪ್ಟ್‌ನಿಂದ. ಅದಕ್ಕೆ ಸಿಸ್ಟಮ್ ಜೊತೆ ಬಂದ ಪೈಥಾನ್ ಬೇಕು. ಟರ್ಮಿನಲ್ ತೆರೆಯದಿದ್ದರೆ ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ, ಬರೋ ಅಕ್ಷರದ ಪರದೆಯಲ್ಲಿ ಲಾಗಿನ್ ಆಗಿ, ಪೈಥಾನ್3 ಅನ್ನೋ ಹೆಸರು ತೋರಿಸುವ ಕೊಂಡಿಯನ್ನು ಮೊದಲಿನಂತೆ ಮಾಡಿ: ಉಬುಂಟು 20.04 ಆದರೆ ಪೈಥಾನ್ 3.8, 22.04 ಆದರೆ 3.10. ಹಳೆಯದನ್ನು ತೆಗೆದವನ ಕಷ್ಟ ಜಾಸ್ತಿ. ಅದರ ಜೊತೆ ಡೆಸ್ಕ್‌ಟಾಪ್‌ನ ಪ್ಯಾಕೇಜುಗಳೂ ಹೋಗಿರುತ್ತವೆ. ಲೈವ್ ಯುಎಸ್‌ಬಿಯಿಂದ, ಅಂದರೆ ಪೆನ್‌ಡ್ರೈವ್‌ನಿಂದಲೇ ಓಡೋ ಉಬುಂಟುವಿನಿಂದ, ಫೈಲ್‌ಗಳನ್ನು ಉಳಿಸಿಕೊಂಡು ಮತ್ತೆ ಇನ್‌ಸ್ಟಾಲ್ ಮಾಡೋದೇ ಒಳ್ಳೆಯದು. ಹೊಸ ಪೈಥಾನ್ ಹಳೆಯದರ ಪಕ್ಕದಲ್ಲಿರಲಿ, ಕೆಲಸಕ್ಕೆ ವೆನ್ವ್, ಅಂದರೆ ಸಿಸ್ಟಮ್‌ನಿಂದ ಬೇರೆಯಾಗಿರೋ ಪೈಥಾನ್ ಜಾಗ, ಬಳಸಿ.

ಗೈಡ್ ಅನಧಿಕೃತ ಅನ್ನೋದು ನನಗೆ ದೊಡ್ಡ ದೋಷವಲ್ಲ. ಯಾಕೆ ಅಂತ ಹೇಳದೆ ಬರೀ ಕಮಾಂಡ್ ಕೊಡೋದು ದೋಷ. 2023ರಲ್ಲಿ ಬಂದ ಡೆಬಿಯನ್ 12 ಅನ್ನೋ ಲಿನಕ್ಸ್‌ನಲ್ಲಿ ಪೈಥಾನ್ ಪ್ಯಾಕೇಜ್ ಹಾಕೋ ಪಿಪ್, ಸಿಸ್ಟಮ್ ಪೈಥಾನ್ ಮುಟ್ಟಲು ಒಪ್ಪೋದಿಲ್ಲ, ವೆನ್ವ್ ಬಳಸಿ ಅಂತ ತಾನೇ ಹೇಳುತ್ತೆ. ಎಷ್ಟೋ ಗೈಡ್‌ಗಳು ಆ ತಡೆ ದಾಟಿಸುವ ಆಯ್ಕೆಯನ್ನೇ ಮೊದಲು ಕಲಿಸುತ್ತವೆ!

ಆಳಂದ_ಅಡ್ಮಿನ್
ಮೇಷ್ಟ್ರೇ, ಕೆಟ್ಟ ಉದ್ದೇಶದವರೂ ಇರುತ್ತಾರೆ ಅಲ್ವಾ? ಆರ್ಚ್ ಲಿನಕ್ಸ್‌ನ ಎಯುಆರ್ ಅನ್ನೋ ಪ್ಯಾಕೇಜ್ ಭಂಡಾರಕ್ಕೆ ಬಳಕೆದಾರರೇ ಪ್ಯಾಕೇಜ್ ಸೇರಿಸಬಹುದು. 2025ರ ಜುಲೈನಲ್ಲಿ ಅಲ್ಲಿ ಫೈರ್‌ಫಾಕ್ಸ್ ಹೆಸರಿಟ್ಟುಕೊಂಡ ಒಂದು ಪ್ಯಾಕೇಜ್ ಬಂತು. ಒಳಗಿದ್ದದ್ದು ದೂರದಿಂದಲೇ ಕಂಪ್ಯೂಟರ್ ಹಿಡಿತಕ್ಕೆ ತೆಗೆದುಕೊಳ್ಳುವ ಮಾಲ್‌ವೇರ್. ಜನ ನೋಡಿ ದೂರಿದರು, ಎರಡೇ ದಿನದಲ್ಲಿ ತೆಗೆದರು. ನೂರು ಫೋನ್ ಸೇರಿದ ಪಿಡಿಎಫ್ ಅನ್ನು ಯಾರು ತೆಗೀತಾರೆ? ಅದರಲ್ಲಿ ಕರ್ಲ್ ಕಮಾಂಡ್‌ನಿಂದ ಇಂಟರ್ನೆಟ್‌ನ ಸ್ಕ್ರಿಪ್ಟ್ ತಂದು ನೇರ ಸುಡೋ ಬ್ಯಾಶ್‌ಗೆ, ಅಂದರೆ ಪೂರ್ತಿ ಅಧಿಕಾರದಲ್ಲಿ ಓಡಿಸೋಕೆ, ಕೊಡಿ ಅಂತ ಇದ್ದರೆ ಇನ್ನೂ ಅಪಾಯ. ಇವತ್ತು ಆ ವಿಳಾಸದಲ್ಲಿರೋ ಸ್ಕ್ರಿಪ್ಟ್ ನಾಳೆ ಬೇರೆಯದಾಗಬಹುದು.

ಸುರಪುರದವಳು
ಇದು ಒಪ್ಪುವ ಮಾತು. ಹಾಗಾದರೆ ಪಿಡಿಎಫ್ ಬಿಟ್ಟು, ಎಲ್ಲರೂ ತಿದ್ದಬಹುದಾದ ಒಂದು ಕನ್ನಡ ಪುಟ ಮಾಡೋಣ. ಆವೃತ್ತಿ, ತಾರೀಖು ಮೇಲೇ ಇರಲಿ. ಕೆಟ್ಟರೆ ಹಿಂದಕ್ಕೆ ಹೋಗೋದು ಹೇಗೆ ಅನ್ನೋದೂ ಇರಲಿ.

ಸೇಡಂ_ಹುಡುಗ
ತಾರೀಖು ಯಾರೂ ನೋಡಲ್ಲ. ಸೀದಾ ಕಮಾಂಡ್ ಕಾಪಿ ಮಾಡ್ತಾರೆ.

ಭಾಲ್ಕಿ_ಮೇಷ್ಟ್ರು
ಹಾಗಿದ್ದರೆ ಪ್ರತಿ ಕಮಾಂಡ್‌ಗೂ ಮೊದಲು ಅದು ಏನು ಬದಲಿಸುತ್ತೆ ಅಂತ ಒಂದು ಸಾಲು ಬರೆಯೋಣ.

ಆಳಂದ_ಅಡ್ಮಿನ್
ಪುಟ ನಾನು ಶುರು ಮಾಡುತ್ತೇನೆ, ಸದ್ಯಕ್ಕೆ ಉಬುಂಟು 24.04ಕ್ಕೆ ಮಾತ್ರ. 22.04 ಇರೋ ಯಂತ್ರ ನನ್ನ ಹತ್ತಿರ ಇಲ್ಲ, ಓಡಿಸಿ ನೋಡದೆ ಬರೆಯಲ್ಲ. ಬೀದರ್ ಕಡೆ ಯಾರ ಹತ್ತಿರವಾದರೂ ಇದ್ದರೆ ಆ ಭಾಗ ನೀವು ಬರೆಯಿರಿ.