ಶಿಬಾಲ್ಬಾಕ್ಕೆ ಪಾತಾಳವೋ, ಯಮಲೋಕವೋ, ದಿಗಿಲೂರೋ?

ಎಲ್ಲರಿಗೂ ನಮಸ್ಕಾರ.

ಗೆಳೆಯರ ಗುಂಪಿಗಾಗಿ ಕನ್ನಡದಲ್ಲಿ ಒಂದು ರೋಲ್‌ಪ್ಲೇಯಿಂಗ್ ಆಟ ಬರೆಯುತ್ತಿದ್ದೇನೆ. ಕಂಪ್ಯೂಟರಿನದ್ದಲ್ಲ. ಮೇಜಿನ ಸುತ್ತ ಕೂತು, ದಾಳ ಉರುಳಿಸುತ್ತ, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಮಾತಾಡುವಂಥದ್ದು. 1974ರಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಕುಲದ್ದು. ಅದೇ ಕೋಟೆ, ಅದೇ ಡ್ರ್ಯಾಗನ್ ಸಾಕಾಗಿ ಈ ಸಲ ಮಾಯಾ ಜನರ ‘ಪೊಪೋಲ್ ವುಹ್’ ಹಿಡಿದಿದ್ದೇನೆ. ಆಟದ ನಿಯಮಗಳು ಸಲೀಸಾಗಿ ಕನ್ನಡಕ್ಕೆ ಬಂದವು. ಕತೆ ನಡೆಯುವ ಜಾಗ ಶಿಬಾಲ್ಬಾ, ಅಂದರೆ ನೆಲದ ಕೆಳಗಿನ ಸಾವಿನ ಲೋಕ; ಅದರ ಹೆಸರಿಗೇ ಪದ ಕೂಡಿಬರುತ್ತಿಲ್ಲ.

ಓದದವರಿಗೆ ಚುಟುಕಾಗಿ ಹೇಳುತ್ತೇನೆ. ಇದು ಗ್ವಾಟೆಮಾಲಾದ ಕಿಚೆ ಎಂಬ ಮಾಯಾ ಜನರ ಪುರಾಣ. ಈಗ ಉಳಿದಿರುವ ಪ್ರತಿ ಹದಿನೆಂಟನೇ ಶತಮಾನದ ಆರಂಭದಲ್ಲಿ ಫ್ರಾನ್ಸಿಸ್ಕೊ ಹಿಮೆನೆಸ್ ಎಂಬ ಪಾದ್ರಿ ಚಿಚಿಕಾಸ್ತೆನಾಂಗೊ ಎಂಬ ಊರಿನಲ್ಲಿ ನಕಲು ಮಾಡಿಕೊಂಡದ್ದು. ಭೂಮಿಯ ಮೇಲೆ ಅಣ್ಣತಮ್ಮಂದಿರು ಚೆಂಡಾಡುವ ಗದ್ದಲಕ್ಕೆ ಕೆಳಗಿನ ಶಿಬಾಲ್ಬಾದ ದೊರೆಗಳು ಸಿಟ್ಟಾಗಿ, ‘ಬನ್ನಿ, ನಮ್ಮ ಜೊತೆ ಆಡಿ’ ಎಂದು ಕರೆ ಕಳಿಸುತ್ತಾರೆ. ಹೋದವರಿಗೆ ಹೆಜ್ಜೆಹೆಜ್ಜೆಗೂ ಮೋಸ. ಎದುರಿಗೆ ಕೂತವರಿಗೆ ನಮಸ್ಕಾರ ಮಾಡಿದರೆ ಅವು ಮರದ ಗೊಂಬೆಗಳು. ಕೂರಲು ತೋರಿಸಿದ ಕಲ್ಲುಬೆಂಚು ಕಾದು ಕೆಂಡ. ಆಮೇಲೆ ಕತ್ತಲ ಮನೆ: ರಾತ್ರಿಗೆಂದು ಒಂದು ಪಂಜು, ತಲೆಗೊಂದು ಚುಟ್ಟಾ ಹಚ್ಚಿ ಕೊಡುತ್ತಾರೆ. ರಾತ್ರಿಯೆಲ್ಲ ಉರಿಯುತ್ತಿರಬೇಕು, ಬೆಳಿಗ್ಗೆ ಒಂದಿಷ್ಟೂ ಸವೆಯದೆ ವಾಪಸ್ ಬರಬೇಕು. ಮೊದಲು ಹೋದ ಆ ಅಣ್ಣತಮ್ಮಂದಿರು ಸುಟ್ಟು ಮುಗಿಸಿ ಪ್ರಾಣ ಕಳಕೊಂಡರು. ಮುಂದೆ ಬಂದ, ಅವರಲ್ಲೊಬ್ಬನ ಅವಳಿ ಮಕ್ಕಳು ಪಂಜಿಗೆ ಮಕಾವ್ ಗಿಳಿಯ ಕೆಂಪು ಬಾಲದ ಗರಿ ಸಿಕ್ಕಿಸಿ, ಚುಟ್ಟಾದ ತುದಿಗೆ ಮಿಣುಕುಹುಳ ಕೂರಿಸಿದರು. ದೂರದಿಂದ ನೋಡಿದ ಕಾವಲುಗಾರರಿಗೆ ಉರಿಯುತ್ತಿರುವ ಹಾಗೇ ಕಂಡಿತು. ಆಟ ಕಟ್ಟುವವನಿಗೆ ಇದಕ್ಕಿಂತ ಇನ್ನೇನು ಬೇಕು ಹೇಳಿ!

ಈಗ ಪದದ ವಿಚಾರ. ಮೊದಲು ‘ಪಾತಾಳ’ ಎಂದೇ ಬರೆದಿದ್ದೆ. ಆಡಿಸಿ ನೋಡಿದಾಗ ಒಬ್ಬಾತ ಇಳಿದವನೇ ಕೇಳಿದ್ದು, ‘ನಿಧಿ ಯಾವ ಕಡೆ?’ ಅವನ ತಪ್ಪಲ್ಲ. ಪಾತಾಳ ಎಂದರೆ ನಮಗೆ ನಾಗಲೋಕ, ರತ್ನ, ಬಲಿಯ ಅರಮನೆ. ‘ಯಮಲೋಕ’ ಮಾಡಿದೆ. ಇನ್ನೊಬ್ಬಳು ದೊರೆಗಳ ಮುಂದೆ ನಿಂತು ತಾನು ಯಾವ ಪಾಪವನ್ನೂ ಮಾಡಿಲ್ಲವೆಂದು ವಾದಕ್ಕೆ ತೊಡಗಿದಳು. ಚಿತ್ರಗುಪ್ತ ಲೆಕ್ಕ ತೆಗೆಯುತ್ತಾನೆ, ಯಮಧರ್ಮರಾಯ ನ್ಯಾಯ ಹೇಳುತ್ತಾನೆ ಎಂಬ ನಂಬಿಕೆ ಆ ಪದದ ಜೊತೆಗೇ ಬರುತ್ತದೆ. ಶಿಬಾಲ್ಬಾದಲ್ಲಿ ನ್ಯಾಯ ಎಂಬುದೇ ಇಲ್ಲ. ಅಲ್ಲಿನ ದೊರೆಗಳು ಕೀವು ಬರಿಸುವವನು, ಕಾಮಾಲೆ ಬರಿಸುವವನು ಇಂಥವರು. ‘ನರಕ’ಕ್ಕೂ ಇದೇ ತೊಡಕು, ಅದು ಪಾಪಿಗಳಿಗೆ ಮೀಸಲು.

ಮೂಲದಲ್ಲಿ ಶಿಬ್ ಎಂಬ ಧಾತುವಿಗೆ ಅಂಜಿಕೆ ಎಂಬರ್ಥ. ಶಿಬಾಲ್ಬಾ ಎಂದರೆ ಅಂಜಿಕೆಯ ತಾವು. ‘ಅಂಜೂರು’ ಎನ್ನೋಣವೆಂದರೆ ಹಣ್ಣಿನ ಅಂಗಡಿ ನೆನಪಾಗುತ್ತದೆ. ‘ದಿಗಿಲೂರು’ ನನಗೆ ಹಿಡಿಸಿದೆ. ಲೋಕ ಎನ್ನುವುದಕ್ಕಿಂತ ಊರು ಎನ್ನುವುದೇ ಸರಿ, ಅಲ್ಲಿ ದೊರೆಗಳ ಸಭೆಯಿದೆ, ಚೆಂಡಾಟದ ಅಂಕಣವಿದೆ, ದಾರಿಹೋಕರನ್ನು ಗೊಂದಲಕ್ಕೆ ಕೆಡವುವ ಕೂಡುರಸ್ತೆಯಿದೆ. ಮಕ್ಕಳ ಕತೆಯ ಹೆಸರಿನಂತೆ ಹಗುರವಾಯಿತೇ ಎಂಬುದಷ್ಟೇ ಅನುಮಾನ. ಹಾಗನ್ನಿಸಿದವರು ಬೇರೆ ಪದ ಕೊಡಿ.

ದೊರೆಗಳಲ್ಲಿ ಹಿರಿಯರಿಬ್ಬರು ಹುನ್ ಕಾಮೆ, ವುಕುಬ್ ಕಾಮೆ. ‘ಒಂದನೇ ಸಾವು, ಏಳನೇ ಸಾವು’ ಎಂದು ಮಾಡಿದರೆ ತಪ್ಪಾಗುತ್ತದೆ. ಅವು ಮಾಯಾ ಪಂಚಾಂಗದ ದಿನದ ಹೆಸರುಗಳು. 1ರಿಂದ 13ರವರೆಗಿನ ಅಂಕಿ, 20 ದಿನನಾಮ, ಎರಡೂ ಜೊತೆಜೊತೆಗೆ ಓಡುತ್ತವೆ. ಒಂದೇ ಜೋಡಿ ಮತ್ತೆ ಬರುವುದು 260 ದಿನಕ್ಕೆ. ನಮ್ಮ ಕರಾವಳಿಯಲ್ಲಿ ಭಾನುವಾರ ಹುಟ್ಟಿದವ ಐತ, ಶುಕ್ರವಾರದವ ತುಕ್ರ, ಶನಿವಾರದವ ತನಿಯ ಆಗುತ್ತಿದ್ದ ಹಾಗೆ. ಹಾಗಾಗಿ ಅವನ್ನು ಅನುವಾದಿಸದೆ ಉಳಿಸಿಕೊಂಡಿದ್ದೇನೆ. (ಗ್ವಾಟೆಮಾಲಾದ ಮಲೆನಾಡಿನಲ್ಲಿ ಈ ಎಣಿಕೆ ಇಂದಿಗೂ ನಡೆದಿದೆ. ‘ಮಾಯವಾದ ಮಾಯಾ ಜನ’ ಎಂಬ ಪ್ರಾಸ ಬಿಡಲಾರದವರು ಗಮನಿಸಬೇಕು: ಮಾಯಾ ಕುಟುಂಬದ ಸುಮಾರು 30 ಭಾಷೆಗಳು ಈಗಲೂ ಬಳಕೆಯಲ್ಲಿವೆ.)

ಕಾಗುಣಿತದ್ದೂ ಒಂದು ಮಾತು. ಹದಿನಾರನೇ ಶತಮಾನದ ಸ್ಪ್ಯಾನಿಶ್ ಬರಹದಲ್ಲಿ ಎಕ್ಸ್ ಅಕ್ಷರಕ್ಕೆ ಶಕಾರದ ಉಚ್ಚಾರ. ಆದ್ದರಿಂದ ಕ್ಸಿಬಾಲ್ಬಾ ಅಲ್ಲ, ಶಿಬಾಲ್ಬಾ. ಅವಳಿಗಳಲ್ಲಿ ಒಬ್ಬನ ಹೆಸರು ಶ್ಬಲಾಂಕೆ. ಕಿಚೆ ಎಂಬಲ್ಲಿನ ಕಕಾರ ಗಂಟಲು ಬಿಗಿದು ಹೊರಡಿಸುವ ಸದ್ದು, ನಮ್ಮಲ್ಲಿ ಅದಕ್ಕೆ ಅಕ್ಷರವಿಲ್ಲ. ಖಕಾರ ಹಾಕಿದರೆ ಬರೀ ಉಸಿರು ಸೇರುತ್ತದೆ, ಬಿಗಿತ ಬರುವುದಿಲ್ಲ. ಕ ಸಾಕು ಎಂದು ನನ್ನ ಅಭಿಪ್ರಾಯ.

ಕೊನೆಯದಾಗಿ ಯಕ್ಷಗಾನ, ತಾಳಮದ್ದಳೆ ಬಲ್ಲವರಿಗೆ. ಆಟ ನಡೆಸುವ ಗೇಮ್ ಮಾಸ್ಟರನ್ನು ‘ಭಾಗವತ’, ಆಟಗಾರರನ್ನು ‘ಅರ್ಥಧಾರಿ’, ಒಂದು ಕತೆಯನ್ನು ‘ಪ್ರಸಂಗ’ ಎಂದು ಕರೆದಿದ್ದೇನೆ. ವೇಷವಿಲ್ಲದೆ ಕೂತಲ್ಲೇ ಪಾತ್ರವಾಗಿ, ಆ ಕ್ಷಣಕ್ಕೆ ಹೊಳೆದ ಮಾತಾಡುವುದು ಎರಡರಲ್ಲೂ ಇದೆ. ಆದರೆ ತಾಳಮದ್ದಳೆಯಲ್ಲಿ ಕರ್ಣ ಎಷ್ಟೇ ಚೆನ್ನಾಗಿ ವಾದಿಸಲಿ, ಕೊನೆಗೆ ಬೀಳಲೇಬೇಕು. ಇಲ್ಲಿ ದಾಳ ಬಿದ್ದ ಹಾಗೆ ಕತೆ. ಭಾಗವತರ ಕೈಯಲ್ಲಿ ಪದ್ಯವಿರುತ್ತದೆ, ನನ್ನ ಭಾಗವತನ ಕೈಯಲ್ಲಿ ಬರೀ ನಕ್ಷೆ. ಇಷ್ಟು ವ್ಯತ್ಯಾಸವಿದ್ದೂ ಆ ಹೆಸರು ಬಳಸಿದರೆ ನಿಮ್ಮ ಕಿವಿಗೆ ಅಪಚಾರವೆನಿಸುತ್ತದೆಯೇ? ಎನಿಸಿದರೆ ‘ಆಟದ ಯಜಮಾನ’ ಎಂದು ಬದಲಿಸುತ್ತೇನೆ, ಮನಸ್ಸಿಲ್ಲದಿದ್ದರೂ.